ಬೆಚ್ಚಗಿದ್ದರೆ ಕಾಣದ ನಕ್ಷತ್ರ

ಮಕ್ಕಳೇ, ಬೂವನಹಳ್ಳಿಯ ಮನೆಯಲ್ಲಿ ಮೊಮ್ಮಕ್ಕಳಿಗೆ ನಾನು ತೋರಿಸುವ ಪ್ರಯೋಗವೊಂದಿದೆ. ಅಕ್ಕಿರೊಟ್ಟಿ ಬೇಯಿಸಿದ ಕಾವಲಿಯನ್ನು ಅಜ್ಜಿಯೋ ತಾತನೋ ಇಳಿಸಿ ಗೋಡೆಗೆ ಒರಗಿಸಲಿ. ನೀವು ಮುಟ್ಟದೆ, ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಿರಿ. ಕಾವಲಿ ಕಪ್ಪಗೇ ಇದೆ, ಆದರೂ ಕೈಗೆ ಕಾವು ತಟ್ಟುತ್ತದೆ. ಅದನ್ನು ತರುವುದು ಕಾಮನಬಿಲ್ಲಿನ ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು. ಹೆಸರು ಅವಕೆಂಪು.

ಹುಟ್ಟುತ್ತಿರುವ ನಕ್ಷತ್ರಗಳು ದಟ್ಟ ದೂಳಿನ ಮೋಡದೊಳಗೆ ಅಡಗಿರುತ್ತವೆ. ಮಾಮೂಲಿ ಬೆಳಕು ಆ ದೂಳಿನಲ್ಲೇ ತಡೆದುಹೋಗುತ್ತದೆ. ಅವಕೆಂಪು ಬೆಳಕು ನುಸುಳಿ ಬರುತ್ತದೆ. ಆದರೆ ನಮ್ಮ ಗಾಳಿಯ ನೀರಾವಿ ಅದರಲ್ಲಿ ಬಹಳಷ್ಟನ್ನು ಹೀರಿಬಿಡುತ್ತದೆ. ಅದಕ್ಕೇ ಒಣ ಗಾಳಿಯ ಎತ್ತರದ ಜಾಗ ಬೇಕು.

ಲಡಾಖಿನ ಹಾನ್ಲೆ ಅಂಥ ಜಾಗ. ಸುಮಾರು 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಅಲ್ಲಿದೆ. ಅದನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ! ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಹವಾಯಿಯ ಕಂಪನಿಯೊಂದರ ಜೊತೆಗೂಡಿ ತಯಾರಿಸಿದ ‘ಟರ್ಸ್‌ಪೆಕ್’ ಎಂಬ ರೋಹಿತಲೇಖಿ 2013ರಲ್ಲಿ ಅದಕ್ಕೆ ಸೇರಿಕೊಂಡಿತು. ಅದು ಅವಕೆಂಪು ಬೆಳಕನ್ನು ಕಿರಿದಾದ ಸೀಳಿನಲ್ಲಿ ಹಾಯಿಸಿ, ಕಾಮನಬಿಲ್ಲಿನಂತೆ ಬಿಡಿಸಿ ದಾಖಲಿಸುತ್ತದೆ. ಎಲ್ಲಿ ಬೆಳಕು ಹೆಚ್ಚು, ಎಲ್ಲಿ ಕಡಿಮೆ ಎಂದು ನೋಡಿ ನಕ್ಷತ್ರದಲ್ಲಿ ಯಾವ ಅನಿಲವಿದೆ ಎಂದು ತಿಳಿಯುತ್ತಾರೆ.

ಇಲ್ಲೊಂದು ಪೇಚಿದೆ. ಕಾವಲಿಯಷ್ಟೇ ಅಲ್ಲ, ನೀವು, ನಾನು, ದೂರದರ್ಶಕ, ಕೊನೆಗೆ ಆ ರೋಹಿತಲೇಖಿಯೂ ಅವಕೆಂಪು ಬೆಳಕು ಬೀರುತ್ತೇವೆ. ಯಂತ್ರವೇ ಹೊಳೆಯುತ್ತಿದ್ದರೆ ನಕ್ಷತ್ರದ ಮಂದ ಬೆಳಕು ಕಾಣುವುದೆಂತು? ಪೆಟ್ರೋಮ್ಯಾಕ್ಸ್ ಹಿಡಿದು ಮಿಂಚುಹುಳ ಹುಡುಕಿದ ಹಾಗೆ! ಹಾನ್ಲೆಯ ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿಗೂ ಕೆಳಗಿಳಿಯುತ್ತದೆ. ಈ ಯಂತ್ರಕ್ಕೆ ಅದೂ ಬೇಸಿಗೆಯೇ. ಆದ್ದರಿಂದ ಅದರ ಒಳಭಾಗವನ್ನು ಥರ್ಮಾಸ್ ಫ್ಲಾಸ್ಕಿನಂಥ, ಗಾಳಿ ತೆಗೆದ ಪಾತ್ರೆಯಲ್ಲಿಟ್ಟು ಇನ್ನೂ ಬಹಳ ತಣಿಸುತ್ತಾರೆ.

ಯಂತ್ರವನ್ನು ತಣಿಸಬಹುದು, ಆಕಾಶವನ್ನು? ಇರುಳ ಆಕಾಶವೂ ಅವಕೆಂಪಿನಲ್ಲಿ ಬೆಳಗುತ್ತದೆ. ಅದಕ್ಕೆ ನಿಮ್ಮ ಶಾಲೆಯ ಲೆಕ್ಕವೇ ಉಪಾಯ. ಒಂದು ಚಿತ್ರ ತೆಗೆದು, ನಕ್ಷತ್ರವನ್ನು ಸೀಳಿನಲ್ಲಿ ಚೂರು ಆಚೆ ಸರಿಸಿ ಇನ್ನೊಂದು ತೆಗೆಯುತ್ತಾರೆ. ಎರಡರಲ್ಲೂ ಆಕಾಶ ಒಂದೇ, ನಕ್ಷತ್ರದ ಜಾಗ ಮಾತ್ರ ಬೇರೆ. ಒಂದರಿಂದ ಇನ್ನೊಂದನ್ನು ಕಳೆದರೆ ಆಕಾಶ ಹೋಗುತ್ತದೆ, ನಕ್ಷತ್ರ ಉಳಿಯುತ್ತದೆ.