ಅಟ್ಟದ ಮೇಲಿನ ಹಳೆ ಕಂಪ್ಯೂಟರ್ ‘ಉಚಿತ ಸ್ಮಾರ್ಟ್ ಟಿವಿ’ ಆಗುತ್ತದೆಯೇ? ಫಾರ್ವರ್ಡ್‌ನಲ್ಲಿ ಇರುವುದೆಷ್ಟು, ಇಲ್ಲದಿರುವುದೆಷ್ಟು

‘ಹಳೆ ಕಂಪ್ಯೂಟರ್ ಗುಜರಿಗೆ ಹಾಕಬೇಡಿ, ಟಿವಿಗೆ ಜೋಡಿಸಿ, ಎಲ್ಲ ಸಿನಿಮಾ ಉಚಿತವಾಗಿ ನೋಡಿ’ ಎಂಬ ಅರ್ಥದ ವಿಡಿಯೊಗಳು ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಕಾಣಿಸುತ್ತವೆ. ತಿಪಟೂರಿನಲ್ಲಿರುವ ನನ್ನ ಚಿಕ್ಕಮ್ಮ ಅಂಥದ್ದೊಂದನ್ನು ಕಳಿಸಿ, “ನಿಜಾನಾ ನೋಡಿ ಹೇಳು, ಆಮೇಲೆ ಗ್ರೂಪಿಗೆ ಹಾಕ್ತೀನಿ” ಎಂದರು. ಅವರು ಮೊದಲು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ 2012ರಲ್ಲಿ ಕೊಂಡ ಎರಡು ಕಂಪ್ಯೂಟರ್‌ಗಳು ಅಟ್ಟ ಸೇರಿದ್ದವು. ಎರಡರಲ್ಲೂ ಚೆನ್ನಾಗಿದ್ದ ಭಾಗಗಳನ್ನು ಕೂಡಿಸಿ ಒಂದನ್ನು ಸಿದ್ಧ ಮಾಡಿ ಟಿವಿಗೆ ಜೋಡಿಸಿದೆವು. ಕೆಲಸವೇನೋ ಆಯಿತು. ಆದರೆ ಫಾರ್ವರ್ಡ್‌ನಲ್ಲಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟ ಸಂಗತಿಗಳೇ ಹೆಚ್ಚು ಮುಖ್ಯವೆಂದು ಗೊತ್ತಾಯಿತು.

ಹೋಮ್ ಥಿಯೇಟರ್ ಪಿಸಿ ಎಂದರೇನು?

ಟಿವಿಗೆ ಜೋಡಿಸಿ ಸಿನಿಮಾ, ಹಾಡು, ಫೋಟೊ ನೋಡಲೆಂದೇ ಇಟ್ಟ ಕಂಪ್ಯೂಟರ್‌ಗೆ ಈ ಹೆಸರು. ಕಲ್ಪನೆ ಹೊಸದಲ್ಲ. ಮೈಕ್ರೋಸಾಫ್ಟ್ 2002ರಲ್ಲೇ ಇದಕ್ಕಾಗಿ ವಿಂಡೋಸ್ ಎಕ್ಸ್‌ಪಿಯ ‘ಮೀಡಿಯಾ ಸೆಂಟರ್’ ಆವೃತ್ತಿ ತಂದಿತ್ತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಕೋಡಿ ಎಂಬ ಉಚಿತ ತಂತ್ರಾಂಶ ಹುಟ್ಟಿದ್ದು ಎಕ್ಸ್‌ಬಾಕ್ಸ್ ಗೇಮ್ ಯಂತ್ರಕ್ಕಾಗಿ. ಮೊದಲು ಎಕ್ಸ್‌ಬಿಎಂಸಿ ಎಂದಿದ್ದ ಅದರ ಹೆಸರು 2014ರಲ್ಲಿ ಕೋಡಿ ಎಂದಾಯಿತು.

ಬೇಕಾಗುವ ಭಾಗಗಳು ಇಷ್ಟೇ: ಪ್ರೊಸೆಸರ್ ಇರುವ ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, ಒಂದು ಚಿಕ್ಕ ಎಸ್‌ಎಸ್‌ಡಿ, ಪವರ್ ಸಪ್ಲೈ (ಅಂಗಡಿಯವರು ಎಸ್‌ಎಂಪಿಎಸ್ ಎನ್ನುವ ಡಬ್ಬ) ಮತ್ತು ಕ್ಯಾಬಿನೆಟ್. ಎರಡು ಕಂಪ್ಯೂಟರ್‌ಗಳ ಭಾಗ ಕೂಡಿಸುವಾಗ ಒಂದು ಎಚ್ಚರ ಬೇಕು. ಡಿಡಿಆರ್3 ರ‍್ಯಾಮ್ ಡಿಡಿಆರ್4 ಬೋರ್ಡಿಗೆ ಕೂರುವುದಿಲ್ಲ. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ವೋಲ್ಟೇಜೂ ಬೇರೆ. ಒತ್ತಿ ಕೂರಿಸಲು ಹೋದರೆ ಬೋರ್ಡೇ ಹಾಳಾಗುತ್ತದೆ.

ಮಾತು 1: ‘ಯಾವ ಹಳೆ ಕಂಪ್ಯೂಟರ್ ಆದರೂ ಸಾಕು, 4ಕೆ ಬರುತ್ತದೆ’

ಇದು ಅರ್ಧ ಸತ್ಯ. ವಿಡಿಯೊವನ್ನು ಕಳಿಸುವ ಮುನ್ನ ಮೂಟೆ ಕಟ್ಟಿದ ಹಾಗೆ ಕುಗ್ಗಿಸಿರುತ್ತಾರೆ. ಆ ಮೂಟೆ ಬಿಚ್ಚುವ ಕೆಲಸವನ್ನು ನಮ್ಮ ಯಂತ್ರ ಕ್ಷಣಕ್ಷಣಕ್ಕೂ ಮಾಡಬೇಕು. ಕಟ್ಟುವ ವಿಧಾನ ಕಾಲಕಾಲಕ್ಕೆ ಬದಲಾಗಿದೆ. ಎಚ್.264 ಬಂದದ್ದು 2003ರಲ್ಲಿ, ಎಚ್‌ಇವಿಸಿ ಮತ್ತು ವಿಪಿ9 ಬಂದದ್ದು 2013ರಲ್ಲಿ, ಎವಿ1 ಬಂದದ್ದು 2018ರಲ್ಲಿ.

ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಚಿಪ್‌ನೊಳಗೆ ಆಯಾ ವಿಧಾನಕ್ಕೆ ಪ್ರತ್ಯೇಕ ಸರ್ಕ್ಯೂಟ್ ಇದ್ದರೆ ಚಿತ್ರ ಸರಾಗವಾಗಿ ಓಡುತ್ತದೆ. ಇಲ್ಲದಿದ್ದರೆ ಆ ಭಾರವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಜೋರಾಗಿ ತಿರುಗುತ್ತದೆ, ಚಿತ್ರ ತಡವರಿಸುತ್ತದೆ. 2011ರಲ್ಲಿ ಬಂದ ಎರಡನೇ ತಲೆಮಾರಿನ ಇಂಟೆಲ್ ಕೋರ್ ಪ್ರೊಸೆಸರ್‌ಗಳು ಎಚ್.264 ವಿಡಿಯೊವನ್ನು ಹೀಗೆ ಸುಲಭವಾಗಿ ಬಿಚ್ಚುತ್ತವೆ. ಎಚ್‌ಇವಿಸಿಯ 10-ಬಿಟ್ ವಿಡಿಯೊ ಮತ್ತು ವಿಪಿ9 ಪೂರ್ತಿಯಾಗಿ ಬೇಕೆಂದರೆ ಏಳನೇ ತಲೆಮಾರು ಬೇಕು. ಎವಿ1ಗೆ ಹನ್ನೊಂದನೇ ತಲೆಮಾರು.

ಯೂಟ್ಯೂಬ್ 4ಕೆ ವಿಡಿಯೊವನ್ನು ವಿಪಿ9 ಅಥವಾ ಎವಿ1 ರೂಪದಲ್ಲಿ ಕೊಡುತ್ತದೆ. ಹಾಗಾಗಿ ಚಿಕ್ಕಮ್ಮನ ಯಂತ್ರದಲ್ಲಿ 1080ಪಿ ಸಿನಿಮಾ ಚೆನ್ನಾಗಿ ಓಡಿತು, 4ಕೆ ಹಾಕಿದರೆ ನಿಂತು ನಿಂತು ಬಂತು. ಇದು ಕೆಟ್ಟಿರುವ ಲಕ್ಷಣವಲ್ಲ, ಆ ಯಂತ್ರ ತಯಾರಾದಾಗ ಆ ವಿಧಾನವೇ ಹುಟ್ಟಿರಲಿಲ್ಲ.

ಮಾತು 2: ‘100 ರೂಪಾಯಿಯ ಕನ್ವರ್ಟರ್ ಹಾಕಿದರೆ ಎಚ್‌ಡಿ ಆಗುತ್ತದೆ’

ಹಳೆ ಕಂಪ್ಯೂಟರ್‌ನ ನೀಲಿ ಬಣ್ಣದ ವಿಜಿಎ ಕಿಂಡಿಯಲ್ಲಿ ಚಿತ್ರ ಮಾತ್ರ ಬರುತ್ತದೆ, ಧ್ವನಿ ಬರುವುದಿಲ್ಲ. ಅದು ಅನಲಾಗ್ ಸಂಕೇತ. ಎಚ್‌ಡಿಎಂಐಗೆ ಬದಲಿಸಲು ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು, ಧ್ವನಿಗೆ ಬೇರೆ ವೈರ್ ಎಳೆಯಬೇಕು. ಎರಡೂ ತುದಿಗೆ ಪ್ಲಗ್ ಹಾಕಿದ ಬರೀ ವೈರ್‌ನಿಂದ ಈ ಕೆಲಸ ಆಗದು. ಮೊದಲೇ ಎಚ್‌ಡಿಎಂಐ ಕಿಂಡಿ ಇದ್ದರೂ ಅದು ಯಾವ ಆವೃತ್ತಿ ಎಂಬುದು ಮುಖ್ಯ. 1.4 ಆವೃತ್ತಿ 4ಕೆ ಚಿತ್ರವನ್ನು ಸೆಕೆಂಡಿಗೆ 30 ಫ್ರೇಮ್ ಮಾತ್ರ ಕಳಿಸಬಲ್ಲದು. 60 ಫ್ರೇಮ್ ಬೇಕೆಂದರೆ 2013ರಲ್ಲಿ ಬಂದ 2.0 ಆವೃತ್ತಿ ಇರಬೇಕು. ದುಬಾರಿ ಕೇಬಲ್ ಕೊಂಡರೂ ಹಳೆ ಕಿಂಡಿಗೆ ಹೊಸ ಶಕ್ತಿ ಬರುವುದಿಲ್ಲ.

ಮಾತು 3: ‘ಪೂರ್ತಿ ಉಚಿತ’

ಕರೆಂಟ್ ಲೆಕ್ಕ ಹಾಕೋಣ. ಪ್ಲಗ್‌ಗೆ ಸಿಕ್ಕಿಸುವ ಮೀಟರ್ ಇಟ್ಟು ನೋಡಿದಾಗ, ವಿಡಿಯೊ ಓಡುವಾಗ ಚಿಕ್ಕಮ್ಮನ ಕಂಪ್ಯೂಟರ್ ಸುಮಾರು 60 ವಾಟ್ ಎಳೆಯುತ್ತಿತ್ತು. ದಿನಕ್ಕೆ 5 ಗಂಟೆಯಂತೆ ತಿಂಗಳಿಗೆ 9 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದುಕೊಂಡರೆ 63 ರೂಪಾಯಿ, ವರ್ಷಕ್ಕೆ 756. ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ 4 ವಾಟ್ ಬಳಸಿದರೆ, ಅಷ್ಟೇ ಹೊತ್ತಿಗೆ ತಿಂಗಳಿಗೆ ಒಂದು ಯೂನಿಟ್ ಕೂಡ ಆಗುವುದಿಲ್ಲ. ‘ಆಫ್ ಮಾಡುವುದೇ ಬೇಡ’ ಎಂದು ಹಗಲೂ ರಾತ್ರಿ ಬಿಟ್ಟರೆ ಇದೇ ಕಂಪ್ಯೂಟರ್ ತಿಂಗಳಿಗೆ 43 ಯೂನಿಟ್ ನುಂಗುತ್ತದೆ.

‘ಗೃಹಜ್ಯೋತಿ ಇದೆಯಲ್ಲ’ ಎನ್ನಬಹುದು. ಆ ಯೋಜನೆಯಲ್ಲೂ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ನಿಗದಿಯಾಗಿದೆ. ಅದನ್ನು ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ.

ಮಾತು 4: ‘ಈ ಆ್ಯಪ್ ಹಾಕಿದರೆ ಎಲ್ಲ ಒಟಿಟಿ ಫ್ರೀ’

ಇದು ಸುಳ್ಳು ಮಾತ್ರವಲ್ಲ, ಅಪಾಯವೂ ಹೌದು. ಕೋಡಿ ಕಾನೂನುಬದ್ಧ ತಂತ್ರಾಂಶ, ಆದರೆ ಅದರೊಳಗೆ ಸಿನಿಮಾ ಇರುವುದಿಲ್ಲ. ಅದು ಖಾಲಿ ಕಪಾಟು, ತುಂಬಿಸುವವರು ನಾವು. ‘ಎಲ್ಲವೂ ತುಂಬಿರುವ ಕೋಡಿ’ ಎಂದು ಹಂಚುವುದರಲ್ಲಿ ಇರುವುದು ಯಾರೋ ಸೇರಿಸಿದ ಕಳ್ಳಪ್ರತಿಯ ಕೊಂಡಿಗಳು. ಅವುಗಳ ಜೊತೆ ಇನ್ನೇನು ಬಂದಿದೆ ಎಂದು ತಿಳಿಯುವ ದಾರಿ ನಮಗಿಲ್ಲ.

ಅಗ್ಗದ, ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳಿಗೂ ಇದೇ ಮಾತು. ಟಿವಿ ಬಾಕ್ಸ್ ಮೊದಲಾದ ಉಪಕರಣಗಳಲ್ಲಿ ಕೊಳ್ಳುವ ಮೊದಲೇ ದುರುದ್ದೇಶದ ತಂತ್ರಾಂಶ ಸೇರಿರಬಹುದು, ಅವು ಮನೆಯ ಇಂಟರ್‌ನೆಟ್ ಅನ್ನು ಅಪರಾಧಿಗಳ ಬಳಕೆಗೆ ಒಡ್ಡಬಹುದು ಎಂದು ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿತ್ತು. ಆ ಜಾಲಕ್ಕೆ ‘ಬ್ಯಾಡ್‌ಬಾಕ್ಸ್ 2.0’ ಎಂದು ಹೆಸರು. ಅದೇ ವೈಫೈನಲ್ಲಿ ನಿಮ್ಮ ಬ್ಯಾಂಕ್ ಆ್ಯಪ್ ಇರುವ ಫೋನೂ ಇರುತ್ತದೆ ಎಂಬುದು ನೆನಪಿರಲಿ.

ಚಂದಾ ಕಟ್ಟಿ ನೋಡುವವರಿಗೂ ಒಂದು ಮಾತು: ಹಲವು ಒಟಿಟಿ ಸೇವೆಗಳು ಕಂಪ್ಯೂಟರ್ ಬ್ರೌಸರ್‌ನಲ್ಲಿ, ಅದರಲ್ಲೂ ಲಿನಕ್ಸ್‌ನಲ್ಲಿ, ತಮ್ಮ ಅತ್ಯುತ್ತಮ ಗುಣಮಟ್ಟದ ಚಿತ್ರ ಕೊಡುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಷ್ಟು ಹಳೆಯ ಪ್ರೊಸೆಸರ್‌ಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ಹಾಗಾಗಿ ನಾವು ಉಚಿತವಾದ ಲಿನಕ್ಸ್ ಹಾಕಿದೆವು.

ಫಾರ್ವರ್ಡ್ ಹೇಳದ ಅಪಾಯಗಳು

ಪವರ್ ಸಪ್ಲೈ ಬಿಚ್ಚಬೇಡಿ. ‘ಒಳಗಿನ ಧೂಳು ತೆಗೆಯಿರಿ’ ಎಂದು ಕೆಲವು ವಿಡಿಯೊಗಳು ಅದರ ಮುಚ್ಚಳ ಬಿಚ್ಚುವುದನ್ನು ತೋರಿಸುತ್ತವೆ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಸಂಗ್ರಹವಾಗಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯಬಹುದು. ವೈರ್ ತೆಗೆದು, ಹೊರಗಿನಿಂದಲೇ ಬ್ಲೋವರ್‌ನಲ್ಲಿ ಗಾಳಿ ಹೊಡೆದರೆ ಸಾಕು. ಸುಟ್ಟ ವಾಸನೆ ಇದ್ದರೆ ಡಬ್ಬವನ್ನೇ ಬದಲಿಸಿ. ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಆ ಬೋರ್ಡನ್ನು ಬಿಟ್ಟುಬಿಡಿ.

ಕ್ಯಾಬಿನೆಟ್ ಮುಟ್ಟಿದರೆ ‘ಜುಮ್’ ಎನ್ನುತ್ತದೆಯೇ? ಬಹುಪಾಲು ಇದು ಅರ್ಥಿಂಗ್ ಇಲ್ಲದ್ದರ ಸೂಚನೆ. ಪವರ್ ಸಪ್ಲೈನ ಫಿಲ್ಟರ್ ಮೂಲಕ ಬರುವ ಸಣ್ಣ ಸೋರಿಕೆ ಕರೆಂಟ್ ಭೂಮಿಗೆ ಹೋಗಲು ದಾರಿ ಇಲ್ಲದೆ ಲೋಹದ ಮೈಮೇಲೆ ನಿಲ್ಲುತ್ತದೆ. ‘ಎಲ್ಲರ ಮನೆಯಲ್ಲೂ ಹೀಗೇ’ ಎಂದು ಬಿಡಬೇಡಿ. ಒಳಗೆ ನಿಜವಾಗಿಯೂ ವೈರ್ ತಾಗಿದ ದಿನ ನಮ್ಮನ್ನು ಕಾಯುವುದು ಅದೇ ಅರ್ಥಿಂಗ್. ಮೂರು ಪಿನ್‌ನ ಪ್ಲಗ್‌ಗೆ ಎರಡು ಪಿನ್‌ನ ಅಡಾಪ್ಟರ್ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಅಲ್ಲಿಯವರೆಗೆ ಎಚ್‌ಡಿಎಂಐ ವೈರ್ ಹಾಕುವಾಗ, ತೆಗೆಯುವಾಗ ಟಿವಿ ಮತ್ತು ಕಂಪ್ಯೂಟರ್ ಎರಡರ ಪ್ಲಗ್ಗೂ ಕಿತ್ತಿರಲಿ. ಇಲ್ಲದಿದ್ದರೆ ಟಿವಿಯ ಕಿಂಡಿ ಸುಡಬಹುದು.

ಬಟನ್ ಸೆಲ್ ಮಕ್ಕಳ ಕೈಗೆ ಸಿಗದಿರಲಿ. ಗಡಿಯಾರ ನಿಲ್ಲದಂತೆ ಮದರ್‌ಬೋರ್ಡ್‌ನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಅದಕ್ಕೆ ಸಿಆರ್2032 ಎನ್ನುತ್ತಾರೆ. ಹಳೆ ಕಂಪ್ಯೂಟರ್‌ನಲ್ಲಿ ಇದನ್ನು ಬದಲಿಸಬೇಕಾಗುತ್ತದೆ, ತೆಗೆದದ್ದು ಮೇಜಿನ ಮೇಲೆಯೇ ಉಳಿಯುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಗಂಭೀರವಾಗಿ ಸುಡಬಹುದು. ಕಂಪ್ಯೂಟರ್ ನಡೆಸಲಾಗದಷ್ಟು ಸೋತ ಸೆಲ್ ಕೂಡ ಅಪಾಯಕಾರಿ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಓಡಿ.

ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಬೇಡ. ಪ್ರೊಸೆಸರ್ ಮತ್ತು ಫ್ಯಾನ್ ನಡುವಿನ ಪೇಸ್ಟ್ ವರ್ಷಗಳು ಕಳೆದಂತೆ ಒಣಗುತ್ತದೆ. ಟೂತ್‌ಪೇಸ್ಟ್ ಹಚ್ಚಿದರೆ ಆರಂಭದಲ್ಲಿ ಬಿಸಿ ಇಳಿದಂತೆ ಕಾಣುವುದು ನಿಜ. ಆದರೆ ಅದರಲ್ಲಿರುವುದು ಬಹಳಷ್ಟು ನೀರು. ಅದು ಆರಿದ ಮೇಲೆ ಮೊದಲಿಗಿಂತ ಕಷ್ಟ. ಥರ್ಮಲ್ ಪೇಸ್ಟ್‌ನ ಒಂದು ಸಣ್ಣ ಟ್ಯೂಬ್ ಕೊಂಡರೆ ಮುಗಿಯಿತು.

ಎಲ್ಲಕ್ಕಿಂತ ದೊಡ್ಡ ಸಂಗತಿ: ಹಳೆ ಹಾರ್ಡ್‌ಡಿಸ್ಕ್

ಚಿಕ್ಕಮ್ಮನ ಕಂಪ್ಯೂಟರ್ ಆನ್ ಮಾಡಿದಾಗ ನಮಗೆ ಗಾಬರಿ ಹುಟ್ಟಿಸಿದ್ದು ಡೆಸ್ಕ್‌ಟಾಪ್ ಮೇಲಿದ್ದ ‘ಸ್ಕ್ಯಾನ್’ ಎಂಬ ಫೋಲ್ಡರ್. ಊರಿನ ಎಷ್ಟೋ ಜನರ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ, ಮಕ್ಕಳ ಅಂಕಪಟ್ಟಿ ಎಲ್ಲವೂ ಅದರಲ್ಲಿದ್ದವು. ಅರ್ಜಿ ಹಾಕಲು ಬಂದವರು ಪ್ರಿಂಟ್ ತೆಗೆದುಕೊಂಡು ಹೋಗಿದ್ದರು, ಪ್ರತಿ ಇಲ್ಲೇ ಉಳಿದಿತ್ತು. ಕಳೆದ ದೀಪಾವಳಿಗೆ ಅಟ್ಟ ಗುಡಿಸುವಾಗ ಇದನ್ನು ಗುಜರಿಯವರಿಗೆ ಕೊಡಲು ಹೊರಟಿದ್ದೆ ಎಂದು ಚಿಕ್ಕಮ್ಮ ಹೇಳಿದರು.

‘ಡಿಲೀಟ್ ಮಾಡಿದರಾಯಿತು’ ಎಂಬುದು ತಪ್ಪು ತಿಳಿವಳಿಕೆ. ಡಿಲೀಟ್ ಮಾಡಿದಾಗ ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದು ಹಾಕಿದಂತಾಗುತ್ತದೆ, ಒಳಗಿನ ಪುಟಗಳು ಹಾಗೆಯೇ ಇರುತ್ತವೆ. ಉಚಿತವಾಗಿ ಸಿಗುವ ತಂತ್ರಾಂಶದಿಂದ ಅವನ್ನು ಮತ್ತೆ ಓದಬಹುದು. ‘ಕ್ವಿಕ್ ಫಾರ್ಮ್ಯಾಟ್’ ಕೂಡ ಇಷ್ಟೇ. ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್’ ಎಂಬುದರ ಮುಂದಿನ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ, ವಿಸ್ಟಾ ಮತ್ತು ನಂತರದ ಆವೃತ್ತಿಗಳು ಡಿಸ್ಕ್ ತುಂಬ ಸೊನ್ನೆ ಬರೆಯುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಹಳೆಯ ಹಾರ್ಡ್‌ಡಿಸ್ಕ್‌ಗೆ ಸಾಮಾನ್ಯ ಬಳಕೆಯ ಮಟ್ಟಿಗೆ ಇಷ್ಟು ಸಾಕು. ಎಸ್‌ಎಸ್‌ಡಿ ಆಗಿದ್ದರೆ ಅದರ ತಯಾರಕರೇ ಕೊಡುವ ‘ಸೆಕ್ಯೂರ್ ಇರೇಸ್’ ಸೌಲಭ್ಯ ಬಳಸಿ. ಮೊದಲು ನಿಮಗೆ ಬೇಕಾದ ಫೋಟೊ, ವಿಡಿಯೊಗಳ ಪ್ರತಿ ಬೇರೆಡೆ ತೆಗೆದಿಟ್ಟುಕೊಳ್ಳಿ.

ಎಸ್‌.ಪಿ. ರಸ್ತೆಯಂಥ ಕಡೆ ಬಳಸಿದ ಹಾರ್ಡ್‌ಡಿಸ್ಕ್ ಕೊಳ್ಳುವವರಿಗೂ ಕಿವಿಮಾತು: ಅದರಲ್ಲಿ ಯಾರದ್ದೋ ಮಾಹಿತಿ ಇದ್ದರೆ ತೆರೆದು ನೋಡದೆ, ಯಾರಿಗೂ ಕಳಿಸದೆ ಅಳಿಸಿಬಿಡಿ.

ಉಳಿದ ಭಾಗಗಳನ್ನು ಏನು ಮಾಡುವುದು?

‘ಮದರ್‌ಬೋರ್ಡ್‌ನಲ್ಲಿ ಚಿನ್ನವಿದೆ, ಮನೆಯಲ್ಲೇ ತೆಗೆಯಿರಿ’ ಎಂಬ ವಿಡಿಯೊಗಳೂ ಇವೆ. ಸಂಪರ್ಕದ ಪಿನ್‌ಗಳ ಮೇಲೆ ಚಿನ್ನದ ತೆಳು ಲೇಪ ಇರುವುದು ನಿಜ. ಆದರೆ ಒಂದೆರಡು ಬೋರ್ಡುಗಳಿಂದ ಸಿಗುವುದು ಅತ್ಯಲ್ಪ. ಅದಕ್ಕಾಗಿ ಬಳಸುವ ಆಸಿಡ್‌ನ ಹೊಗೆ ಶ್ವಾಸಕೋಶವನ್ನು ಸುಡುತ್ತದೆ, ಬೆಸುಗೆಯ ಸೀಸ ಮಣ್ಣು ನೀರು ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ತ್ಯಾಜ್ಯದ ಮರುಬಳಕೆ ಕೆಲಸವನ್ನು ನೋಂದಾಯಿತ ಸಂಸ್ಥೆಗಳೇ ಮಾಡಬೇಕು. ಬೇಡವಾದ ಭಾಗಗಳನ್ನು ಅವುಗಳ ಸಂಗ್ರಹ ಕೇಂದ್ರಕ್ಕೆ ಕೊಡಿ.

ಹಾಗಾದರೆ ಯಾರಿಗೆ ಇದು ಸರಿ?

ಭಾಗಗಳು ಮನೆಯಲ್ಲೇ ಇದ್ದು, 1080ಪಿ ಸಾಕು ಎನ್ನುವವರಿಗೆ, ಮದುವೆಯ ಡಿವಿಡಿ, ಹಳೆ ಫೋಟೊ, ಸ್ವಂತ ಸಂಗ್ರಹದ ಹಾಡು ದೊಡ್ಡ ಪರದೆಯಲ್ಲಿ ನೋಡಬೇಕು ಎನ್ನುವವರಿಗೆ ಇದು ಒಳ್ಳೆಯ ಕೆಲಸ. ಮಕ್ಕಳು ಜೊತೆಗಿದ್ದರೆ ಕಲಿಯಲೂ ಸಿಗುತ್ತದೆ. ಬರೀ ಒಟಿಟಿ ನೋಡುವವರಿಗೆ, 4ಕೆ ಬೇಕೆನ್ನುವವರಿಗೆ ಪ್ರಮಾಣೀಕೃತ ಸ್ಟ್ರೀಮಿಂಗ್ ಸ್ಟಿಕ್ಕೇ ಅಗ್ಗ ಮತ್ತು ಸರಳ. ಇದಕ್ಕೆಂದೇ ಹಳೆ ಕಂಪ್ಯೂಟರ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ನಾವು ಎಸ್‌ಎಸ್‌ಡಿ, ಪೇಸ್ಟ್, ಸೆಲ್ ಮೂರನ್ನೇ ಹೊಸದಾಗಿ ಕೊಂಡೆವು. ಹಾರ್ಡ್‌ಡಿಸ್ಕ್‌ಗಳನ್ನು ರಾತ್ರಿಯಿಡೀ ಅಳಿಸಿದೆವು. ಮರುದಿನ ಚಿಕ್ಕಮ್ಮ ತಮ್ಮ ಮದುವೆಯ ಡಿವಿಡಿ ಹಾಕಿಕೊಂಡು ಕುಳಿತರು. ಆ ಫಾರ್ವರ್ಡ್ ಅನ್ನು ಅವರು ಗ್ರೂಪಿಗೆ ಹಾಕಲಿಲ್ಲ. ಅದರ ಬದಲು ಹಾಕಿದ್ದು ಒಂದೇ ಸಾಲು: “ಹಳೆ ಕಂಪ್ಯೂಟರ್ ಗುಜರಿಗೆ ಕೊಡೋ ಮುಂಚೆ ಒಳಗಿರೋದನ್ನ ಸರಿಯಾಗಿ ಅಳಿಸಿ, ಗೊತ್ತಾಗದಿದ್ರೆ ನನ್ನ ಕೇಳಿ.” ಫಾರ್ವರ್ಡ್ ಮಾಡುವುದಾದರೆ ಅದನ್ನು ಮಾಡಿ.