ಗುಡ್ಡ ಏರುವ ಜೀಪಿಗೆ ಸಿಕ್ಕಿದ ನೀರು ಸಾಲದು

ಕೊಡಚಾದ್ರಿಯ ಕಡಿದಾದ ಕಚ್ಚಾ ದಾರಿಯಲ್ಲಿ ಜೀಪುಗಳು ತೆವಳಿಕೊಂಡೇ ಏರಬೇಕು. ಎಂಜಿನ್ನಿಗೆ ದುಡಿತ ಹೆಚ್ಚು, ರೇಡಿಯೇಟರಿಗೆ ಬಡಿಯುವ ಗಾಳಿ ಕಡಿಮೆ. ಕಾವು ಏರದೆ ಇದ್ದೀತೇ?

ಇಂಥ ಗಾಡಿಗೆ ಕಂಡ ನೀರು ಸುರಿಯುವ ರೂಢಿ ನಿಲ್ಲಲೇಬೇಕು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಂತೂ ಕೊಳವೆಯೊಳಗೆ ಸುಣ್ಣದ ಪದರ ಕಟ್ಟಿ ಶಾಖವನ್ನು ಒಳಗೇ ಉಳಿಸುತ್ತದೆ. ಡಿಸ್ಟಿಲ್ಡ್ ವಾಟರಿಗೆ ಎಥಿಲೀನ್ ಗ್ಲೈಕಾಲ್ ಕೂಲೆಂಟನ್ನು ಸಮಪಾಲು ಬೆರೆಸಿದರೆ ಕುದಿಬಿಂದು ಸುಮಾರು 106 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಒತ್ತಡ ಹಿಡಿದಿಡುವ ಮುಚ್ಚಳ ಸರಿಯಿದ್ದರೆ ಇನ್ನೂ ಮೇಲೆ. ಹಾಗಂತ ಅಪ್ಪಟ ಗ್ಲೈಕಾಲನ್ನೇ ತುಂಬುವುದೂ ತಪ್ಪು. ಶಾಖ ಹೊರುವುದರಲ್ಲಿ ನೀರೇ ಮೇಲು.

ಕೂಲೆಂಟನ್ನು ಬಣ್ಣ ನೋಡಿ ಕೊಳ್ಳಲೂಬಾರದು, ಅದು ಬರೀ ಡೈ. ಗಾಡಿಯ ಕೈಪಿಡಿ ಹೇಳಿದ ಬಗೆಯನ್ನೇ ಕೇಳಿ ಪಡೆಯಬೇಕು. ಸೋರಿಕೆ ನಿಲ್ಲಿಸುವ ಪುಡಿಗಳು ರೇಡಿಯೇಟರಿನ ಸಣ್ಣ ದಾರಿಗಳನ್ನೇ ಮುಚ್ಚಬಲ್ಲವು. ಆ ಹಣದಲ್ಲಿ ಬಿರುಕುಬಿಟ್ಟ ಹೋಸ್ ಬದಲಿಸಬಹುದು.