ಬಣ್ಣ ನೋಡಿ ದೋಣಿ ಕೊಳ್ಳಬೇಡಿ

ಆಪ್ಟಿಮಿಸ್ಟ್ ಹಾಯಿದೋಣಿಯ ಒಡಲು ಸುಮಾರು 35 ಕೆಜಿ ಫೈಬರ್‌ಗ್ಲಾಸ್, ಅದರಲ್ಲಿ ಕೂರೋದು ಒಂದು ಮಗು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ಹೊಳಪು ನೋಡಿ ದುಡ್ಡು ಕೊಡ್ತಾರೆ. ನಾವು ಕೇಳೋದು ಇಷ್ಟೇ, ಮೊದಲು ತಟ್ಟಿ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ಪದರ ಬಿಟ್ಟಿರಬಹುದು. (ಕಲ್ಲಂಗಡಿ ಆರಿಸೋ ಅಮ್ಮಂದಿರಿಗೆ ಇದನ್ನ ಹೇಳಿಕೊಡಬೇಕಿಲ್ಲ.) ಜೆಲ್‌ಕೋಟ್‌ನಲ್ಲಷ್ಟೇ ಕೂದಲೆಳೆ ಬಿರುಕಿದ್ದರೆ ಗಾಬರಿ ಬೇಡ, ಹಾಯಿಕಂಬದ ಬುಡದಲ್ಲಿದ್ದರೆ ಬಿಡಬೇಡಿ.

ಪುಟ್ಟಿ ಮೆತ್ತಿ ಪೇಂಟ್ ಹೊಡೆಯೋದು ರಿಪೇರಿ ಅಲ್ಲ, ಮೇಕಪ್. ಕೆಟ್ಟ ಪದರ ಪೂರ್ತಿ ಉಜ್ಜಿ ತೆಗೀಬೇಕು, ಒಣಗಿಸಬೇಕು. ಆಮೇಲೆ ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು ಮಾಡಿ, ಎಪಾಕ್ಸಿಯಲ್ಲಿ ಹೊಸ ಗ್ಲಾಸ್ ಬಟ್ಟೆ ಕೂರಿಸಬೇಕು. 3 ಮಿ.ಮೀ. ದಪ್ಪಕ್ಕೆ 36 ಮಿ.ಮೀ.! ಮಾರುವವರು ತಟ್ಟೋಕೇ ಬಿಡದಿದ್ರೆ, ರೇಟ್ ಕೇಳದೆ ವಾಪಸ್ ಬನ್ನಿ.